ಮಾತು ಮತ್ತು ಮೇಳ: ಪುರಾಣ ಪ್ರವಚನವನ್ನು ಕುರಿತ ಒಂದು ತೌಲನಿಕ ಟಿಪ್ಪಣಿ

ಕಾವ್ಯವನ್ನು ರಾಗದಲ್ಲಿ ವಾಚಿಸುವ ಗಮಕದ ಬಗೆಗೆ ಕನ್ನಡದಲ್ಲಿ ಸಾಕಷ್ಟು ಅಧ್ಯಯನಗಳು ನಡೆದಿವೆ. ಮಾತು ಮಾತಾಗಿಯೇ ಉಳಿದು ವಾದ್ಯದೊಡನೆ ಸಾಗುವ ಪ್ರಕಾರಗಳ ಚರ್ಚೆ ಮಾತ್ರ ವಿರಳ. ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ಪುರಾಣ ಪ್ರವಚನವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದಾಗಿದೆ.

ಯುರೋಪಿನಲ್ಲಿ ಇಂಥ ಪ್ರಕಾರಕ್ಕೆ 'ಮೆಲೊಡ್ರಾಮಾ' ಎಂದು ಹೆಸರು. ಅತಿಭಾವುಕ ನಾಟಕವೆಂಬ ರೂಢಿಯ ಅರ್ಥ ಇಲ್ಲಿ ಸಲ್ಲದು. ಬೊಹೀಮಿಯಾ ಮೂಲದ ಬೆಂಡಾ 1775ರಲ್ಲಿ 'ಅರಿಯಾಡ್ನೆ'ಯನ್ನು ಈ ಕ್ರಮದಲ್ಲಿ ರಂಗಕ್ಕೆ ತಂದನು. ಅದೇ ನಾಡಿನ ಫಿಬಿಖ್ (1850–1900) ಎರ್ಬೆನ್ ಕವಿಯ ಕಥನಕವನಗಳಿಗೆ ವಾದ್ಯಸಂಗೀತ ರಚಿಸಿ, ಅವುಗಳನ್ನು ಸಂಗೀತ ಕಛೇರಿಯ ವೇದಿಕೆಗೆ ಒಗ್ಗಿಸಿದನು. ಇಲ್ಲಿ ಕವಿತೆಯನ್ನು ಹಾಡುವುದಿಲ್ಲ, ನುಡಿಯಲಾಗುತ್ತದೆ. ಮಾತಿಗೆ ಸ್ವರ ಗೊತ್ತುಪಡಿಸಿಲ್ಲವಾದರೂ ಯಾವ ಸಾಲು ವಾದ್ಯದ ಯಾವ ಘಟ್ಟದಲ್ಲಿ ಬರಬೇಕೆಂಬುದನ್ನು ಸ್ವರಲಿಪಿ ಸೂಚಿಸುತ್ತದೆ.

ಉತ್ತರ ಕರ್ನಾಟಕದ ಮಠಗಳಲ್ಲಿ ಶ್ರಾವಣ ಮಾಸದಲ್ಲಿ, ಜಾತ್ರೆಗಳ ಸಂದರ್ಭದಲ್ಲಿ ನಡೆಯುವ ಪ್ರವಚನಕ್ಕೆ ಭೀಮಕವಿಯ 'ಬಸವಪುರಾಣ', ಚಾಮರಸನ 'ಪ್ರಭುಲಿಂಗಲೀಲೆ' ಮೊದಲಾದ ಷಟ್ಪದಿ ಕೃತಿಗಳು ಆಧಾರ. ಪ್ರವಚನಕಾರರು ಕಥೆಯನ್ನು ಆಡುನುಡಿಯಲ್ಲಿ ಬಿಡಿಸುತ್ತಾರೆ. ಹಾರ್ಮೋನಿಯಂ ಶ್ರುತಿ ಹಿಡಿದಿರುತ್ತದೆ. ಮಾತು ಭಾವದ ತುದಿಗೇರಿದಾಗ ಗವಾಯಿಗಳು ಪದ್ಯವನ್ನೋ ವಚನವನ್ನೋ ಎತ್ತಿಕೊಳ್ಳುತ್ತಾರೆ, ತಬಲಾ ಜೊತೆಗೂಡುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು (1892–1944) ಹಾಗೂ ಪುಟ್ಟರಾಜ ಗವಾಯಿಗಳು (1914–2010) ರೂಪಿಸಿದ ಶಿಷ್ಯಪರಂಪರೆ ಈ ಸಂಗೀತಕ್ಕೆ ಹಿಂದೂಸ್ತಾನಿ ಪದ್ಧತಿಯ ಶಿಸ್ತನ್ನು ಒದಗಿಸಿದೆ.

ಎರಡರ ನಡುವಿನ ಅಂತರವೂ ಗಮನಾರ್ಹ. ಫಿಬಿಖ್‌ನಲ್ಲಿ ಮಾತು-ವಾದ್ಯಗಳ ಸಂಬಂಧವನ್ನು ಸಂಯೋಜಕ ಮೊದಲೇ ಬರೆದಿಟ್ಟಿರುತ್ತಾನೆ. ಪ್ರವಚನದಲ್ಲಿ ಅದು ಆ ಹೊತ್ತಿನಲ್ಲೇ, ಸಭೆಯ ಎದುರಿನಲ್ಲೇ ಏರ್ಪಡುತ್ತದೆ. ಪ್ರವಚನಕಾರರ ಧ್ವನಿಯ ಏರಿಳಿತವೇ ಗವಾಯಿಗಳಿಗೆ ಸನ್ನೆ. ಅಲ್ಲದೆ, ಅಲ್ಲಿ ಕವಿತೆಯೇ ಮಾತಾದರೆ ಇಲ್ಲಿ ಮಾತು ಕಾವ್ಯದ ವ್ಯಾಖ್ಯಾನ; ಕಾವ್ಯ ಹಾಡಿಗೇ ಮೀಸಲು. ಆದ್ದರಿಂದ ಪ್ರವಚನವನ್ನು ಮೆಲೊಡ್ರಾಮಾ ಎಂದು ಕರೆಯುವುದು ಸರಿಯಾಗದು. ಮಾತಿನಿಂದ ಹಾಡಿಗೆ ದಾಟುವ ಸಂಧಿಯೇ ಪ್ರವಚನದ ಜೀವಾಳವೆಂಬುದನ್ನು ಈ ಹೋಲಿಕೆ ಸ್ಪಷ್ಟಪಡಿಸುತ್ತದೆ.

ಪ್ರವಚನವನ್ನು ಬರಹಕ್ಕಿಳಿಸಿದಾಗ ಮೊದಲು ನಷ್ಟವಾಗುವುದು ಈ ಸಂಧಿಯೇ. ಮುದ್ರಿತ ಪಠ್ಯದಲ್ಲಿ ಕಥೆಯ ಸಾರ ಉಳಿಯುತ್ತದೆ. ಧ್ವನಿ ಏರಿದ ಎಡೆ, ವಾದ್ಯ ಕೂಡಿದ ಗಳಿಗೆ, ಸಭೆ ಮೌನವಾದ ಕ್ಷಣ ಅಳಿದುಹೋಗುತ್ತವೆ. ಫಿಬಿಖ್‌ನ ಕೃತಿಯನ್ನು ಸ್ವರಲಿಪಿಯ ನೆರವಿನಿಂದ ಮತ್ತೆ ನುಡಿಸಬಹುದು. ಪ್ರವಚನಕ್ಕೆ ಅಂಥ ಆಸರೆಯಿಲ್ಲ. ಹೀಗಾಗಿ ಕ್ಷೇತ್ರಕಾರ್ಯದಲ್ಲಿ ವಾದ್ಯವನ್ನು ಹಿನ್ನೆಲೆಯ ಸದ್ದೆಂದು ಬದಿಗಿಡದೆ ಪಠ್ಯದ ಭಾಗವೆಂದೇ ದಾಖಲಿಸುವುದು ಅಗತ್ಯ. ಷಟ್ಪದಿ ಕಾವ್ಯಗಳು ಅಕ್ಷರಬಾರದ ಕೇಳುಗರನ್ನೂ ತಲುಪಿದ ಬಗೆಯನ್ನು ಅರಿಯಲು ಇಂಥ ದಾಖಲೆ ಮುಖ್ಯ ಆಕರವಾಗಬಲ್ಲದು.