ಯಜಮಾನನಿಲ್ಲದ ಟೆಲಿಫೋನ್ ಡೈರೆಕ್ಟರಿ

ಎರಡು ಸಂಸ್ಥೆಗಳ ಒಳಗಿನ ಫೋನ್‌ಗಳೆಲ್ಲ ಇಂಟರ್ನೆಟ್ ಮೇಲೆಯೇ ನಡೆಯುತ್ತಿರುತ್ತವೆ. ಆದರೆ ಒಂದರಿಂದ ಇನ್ನೊಂದಕ್ಕೆ ಕರೆ ಮಾಡಿದರೆ ಅದು ಮಾಮೂಲಿ ಟೆಲಿಫೋನ್ ಕಂಪನಿಯ ಮೂಲಕ, ದುಡ್ಡು ತೆತ್ತೇ ಹೋಗುತ್ತದೆ. ಏಕೆಂದರೆ ಡಯಲ್ ಮಾಡಿದ ನಂಬರ್ ಯಾವ ಜಾಲದಲ್ಲಿದೆ ಎಂಬುದು ಈ ಕಡೆಯವರಿಗೆ ಗೊತ್ತಿರುವುದಿಲ್ಲ. ಆಸ್ಟರಿಸ್ಕ್ ಎಂಬ ಮುಕ್ತ ಟೆಲಿಫೋನ್ ತಂತ್ರಾಂಶವನ್ನು 1999ರಲ್ಲಿ ಬರೆದ ಅಮೆರಿಕದ ಮಾರ್ಕ್ ಸ್ಪೆನ್ಸರ್ ಈ ತೊಡಕಿಗೆಂದೇ 2004ರಲ್ಲಿ ‘ಡಂಡಿ’ ಎಂಬ ಪೀರ್-ಟು-ಪೀರ್ (ಕೇಂದ್ರವಿಲ್ಲದೆ ಸಮಾನರ ನಡುವೆ ನಡೆಯುವ) ವ್ಯವಸ್ಥೆಯನ್ನು ಮುಂದಿಟ್ಟರು. ಅದರ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳು ಕಡಿಮೆಯೇನಲ್ಲ.

ತಪ್ಪು ಕಲ್ಪನೆ: ಪೀರ್-ಟು-ಪೀರ್ ಫೋನ್ ಎಂದರೆ ಸ್ಕೈಪ್.

ವಾಸ್ತವ: 2003ರಲ್ಲಿ ಬಂದ ಸ್ಕೈಪ್ ಬಳಕೆದಾರರ ಕಂಪ್ಯೂಟರ್‌ಗಳನ್ನೇ ಜಾಲದ ಕಂಬಗಳಾಗಿ ಬಳಸಿತು, ನಿಜ. ಆದರೆ ಅದರ ಬಾಗಿಲು ಹೊರಗಿನವರಿಗೆ ಮುಚ್ಚಿತ್ತು. ಬೇರೆ ಜಾಲದವರು ತಾವಾಗಿ ಅದಕ್ಕೆ ಬೆಸೆದುಕೊಳ್ಳುವ ಹಾಗಿರಲಿಲ್ಲ. 2012ರ ಹೊತ್ತಿಗೆ ಆ ಕಂಬಗಳನ್ನೂ ಸ್ಕೈಪ್‌ನ ಒಡೆತನ ಪಡೆದಿದ್ದ ಮೈಕ್ರೋಸಾಫ್ಟ್ ತನ್ನ ಸರ್ವರ್‌ಗಳಿಗೆ ಸ್ಥಳಾಂತರಿಸಿತು. 2025ರ ಮೇ ತಿಂಗಳಲ್ಲಿ ಸೇವೆಯೇ ನಿಂತಿತು. ಒಬ್ಬ ಒಡೆಯನ ಕೈಯಲ್ಲಿರುವ ಜಾಲಕ್ಕೂ ಹಲವು ಒಡೆಯರ ಜಾಲಗಳನ್ನು ಜೋಡಿಸುವ ಏರ್ಪಾಡಿಗೂ ಬಹಳ ಅಂತರವಿದೆ.

ತಪ್ಪು ಕಲ್ಪನೆ: ಡಂಡಿಯೇ ಮಾತನ್ನು ಹೊತ್ತೊಯ್ಯುತ್ತದೆ.

ವಾಸ್ತವ: ಇಲ್ಲ. ಅದು ದಾರಿ ಹೇಳಿ ಬದಿಗೆ ಸರಿಯುತ್ತದೆ. ಆಮೇಲೆ ಕರೆ ಸಿಪ್, ಐಎಎಕ್ಸ್ ಅಥವಾ ಎಚ್.323 ಎಂಬ ಇಂಟರ್ನೆಟ್ ಕರೆಯ ನಿಯಮಾವಳಿಗಳ ಮೂಲಕ ನಡೆಯುತ್ತದೆ.

ತಪ್ಪು ಕಲ್ಪನೆ: ಎಲ್ಲೋ ಒಂದು ಕಡೆ ಕೇಂದ್ರ ಪಟ್ಟಿ ಇರಲೇಬೇಕು.

ವಾಸ್ತವ: ಕೇಂದ್ರ ಪಟ್ಟಿಯನ್ನು ನಂಬಿದ ದಾರಿಯ ಹೆಸರು ಈನಮ್. ಅಲ್ಲಿ ಫೋನ್ ನಂಬರನ್ನು ಹಿಂದುಮುಂದಾಗಿಸಿ, ವೆಬ್ ವಿಳಾಸಗಳನ್ನು ಹುಡುಕುವ ಡಿಎನ್‌ಎಸ್‌ನಲ್ಲೇ ನೋಡುತ್ತಾರೆ. ಇದಕ್ಕೆ ಮೇಲಿನಿಂದ ಕೆಳಗಿನವರೆಗೆ ಒಪ್ಪಿಗೆ ಬೇಕು. ಒಂದು ದೇಶ ತನ್ನ ಕೋಡ್‌ನ ಭಾಗವನ್ನು ತೆರೆಯದಿದ್ದರೆ ಅಲ್ಲಿನ ಸಂಸ್ಥೆಗಳು ಕಾಯುತ್ತಾ ಕೂರಬೇಕಾಗುತ್ತದೆ.

ಡಂಡಿ ಹಿಡಿದದ್ದು ಬಡಾವಣೆಯಲ್ಲಿ ವಿಳಾಸ ಕೇಳಿಕೊಂಡು ಹೋಗುವ ಕ್ರಮವನ್ನು. ಒಂದು ಸರ್ವರ್ ತನಗೆ ಪರಿಚಯವಿರುವ ಸರ್ವರ್‌ಗಳನ್ನು ‘ಈ ನಂಬರ್ ನಿಮ್ಮಲ್ಲಿದೆಯೇ?’ ಎಂದು ಕೇಳುತ್ತದೆ. ಅವಕ್ಕೆ ಗೊತ್ತಿಲ್ಲದಿದ್ದರೆ ಅವು ತಮ್ಮ ಪರಿಚಯದವರನ್ನು ವಿಚಾರಿಸುತ್ತವೆ. ಒಂದೇ ಪ್ರಶ್ನೆ ಸುತ್ತುತ್ತಲೇ ಇರಬಾರದೆಂದು, ಈಗಾಗಲೇ ಯಾರನ್ನು ಕೇಳಿಯಾಗಿದೆ ಎಂಬ ಪಟ್ಟಿ ಪ್ರಶ್ನೆಯ ಜೊತೆಗೇ ಸಾಗುತ್ತದೆ; ಎಷ್ಟು ಮಂದಿಯನ್ನು ದಾಟಬಹುದೆಂಬ ಮಿತಿಯೂ ಇರುತ್ತದೆ. ಸಿಕ್ಕ ಉತ್ತರವನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವುದರಿಂದ ಅದೇ ನಂಬರಿಗೆ ಮತ್ತೆ ಮತ್ತೆ ಹುಡುಕಾಟ ಬೇಕಾಗುವುದಿಲ್ಲ. ಒಂದೇ ನಂಬರಿಗೆ ಎರಡು ದಾರಿ ಸಿಕ್ಕರೆ ಯಾವುದಕ್ಕೆ ಆದ್ಯತೆ ಎಂಬುದನ್ನೂ ಉತ್ತರವೇ ಹೇಳುತ್ತದೆ. ಯಾವ ಸರ್ವರ್ ಕೆಟ್ಟರೂ ಉಳಿದವು ಕೇಳುತ್ತಲೇ, ಹೇಳುತ್ತಲೇ ಇರುತ್ತವೆ. ಈ ವಿನ್ಯಾಸದಲ್ಲಿ ನನಗೆ ತುಂಬ ಹಿಡಿಸುವ ಗುಣ ಇದು.

ತಪ್ಪು ಕಲ್ಪನೆ: ಯಜಮಾನನಿಲ್ಲದ ಕಡೆ ಯಾರು ಬೇಕಾದರೂ ‘ಆ ನಂಬರ್ ನನ್ನದು’ ಎನ್ನಬಹುದು.

ವಾಸ್ತವ: ಅಪರಿಚಿತರಿಗೆ ಇಲ್ಲಿ ಪ್ರವೇಶವಿಲ್ಲ. ಪಕ್ಕದ ಎರಡು ಸರ್ವರ್‌ಗಳು ಕೀಲಿಗಳನ್ನು ವಿನಿಮಯ ಮಾಡಿಕೊಂಡ ಮೇಲೆಯೇ ಮಾತಾಡುತ್ತವೆ. ಸಾರ್ವಜನಿಕ ನಂಬರ್‌ಗಳನ್ನು ಹಂಚಿಕೊಳ್ಳುವವರಿಗಾಗಿ ಲಿಖಿತ ಒಪ್ಪಂದವೊಂದನ್ನೂ ಮಾರ್ಕ್ ಸ್ಪೆನ್ಸರ್ ಅವರ ಡಿಜಿಯಂ ಕಂಪನಿ ರೂಪಿಸಿತ್ತು. ಹಾಗೆಂದು ಆತಂಕ ಪೂರ್ತಿ ಸುಳ್ಳಲ್ಲ. ಪರಿಚಿತರ ಪರಿಚಿತರು ಹೇಳಿದ್ದನ್ನೂ ನಂಬಬೇಕಾಗುವುದರಿಂದ, ನಡುವೆ ಒಬ್ಬ ಅಪ್ರಾಮಾಣಿಕ ಸೇರಿಕೊಂಡರೂ ಕರೆ ದಾರಿ ತಪ್ಪಬಹುದು. ಬಳಗ ದೊಡ್ಡದಾದಷ್ಟೂ ಈ ಅಪಾಯ ಹೆಚ್ಚುತ್ತದೆ. ಗೂಢಲಿಪಿಯ ಗಣಿತ ಇದನ್ನು ಬಗೆಹರಿಸದು, ಒಪ್ಪಂದವನ್ನು ಪಾಲಿಸುವ ಮನುಷ್ಯರೇ ಬಗೆಹರಿಸಬೇಕು.

ತಪ್ಪು ಕಲ್ಪನೆ: ತಂತ್ರಜ್ಞಾನ ಕೈಯಲ್ಲಿದ್ದರೆ ಯಾವ ಕರೆಯನ್ನಾದರೂ ಹೀಗೆ ಸಾಗಿಸಬಹುದು.

ವಾಸ್ತವ: ಭಾರತದಲ್ಲಿ ಇಂಟರ್ನೆಟ್ ದೂರವಾಣಿಗೆ 2002ರಲ್ಲೇ ಅನುಮತಿ ಸಿಕ್ಕಿದೆ. ಆದರೆ ಇಂಟರ್ನೆಟ್ ಕರೆಯನ್ನು ಸಾಮಾನ್ಯ ಫೋನ್ ಜಾಲಕ್ಕೆ ಇಳಿಸಲು ಪರವಾನಗಿ ಬೇಕು. ಬೆಂಗಳೂರಿನಲ್ಲಿ ಪೊಲೀಸರು ಪತ್ತೆಹಚ್ಚುವ ಸಿಮ್ ಬಾಕ್ಸ್ (ಇಂಟರ್ನೆಟ್ ಕರೆಗಳನ್ನು ಹಲವು ಸಿಮ್ ಕಾರ್ಡ್‌ಗಳ ಮೂಲಕ ಸ್ಥಳೀಯ ಕರೆಗಳಾಗಿಸುವ ಪೆಟ್ಟಿಗೆ) ದಂಧೆ ಈ ನಿಯಮವನ್ನು ಮುರಿಯುವಂಥದ್ದೇ.

ತಪ್ಪು ಕಲ್ಪನೆ: ಜಗತ್ತನ್ನೆಲ್ಲ ಬೆಸೆಯಲಿಲ್ಲ, ಹಾಗಾಗಿ ಡಂಡಿ ಸೋತಿತು.

ವಾಸ್ತವ: ಸಾರ್ವಜನಿಕ ಡೈರೆಕ್ಟರಿಯಾಗಿ ಅದು ಬೆಳೆಯಲಿಲ್ಲ. ಆದರೆ ಹಲವು ಶಾಖೆಗಳಿರುವ ಸಂಸ್ಥೆಗೆ ಅದು ಈಗಲೂ ಹೊಂದುತ್ತದೆ. ಒಂದು ಶಾಖೆಯಲ್ಲಿ ಹೊಸ ಎಕ್ಸ್‌ಟೆನ್ಷನ್ ಸೇರಿಸಿದರೆ, ಉಳಿದ ಶಾಖೆಗಳ ಸರ್ವರ್‌ಗಳಲ್ಲಿ ಯಾರೂ ಅದನ್ನು ಬರೆದಿಡಬೇಕಿಲ್ಲ. ಮೊದಲ ಕರೆ ಬಂದಾಗ ಅವೇ ಕೇಳಿ ತಿಳಿದುಕೊಳ್ಳುತ್ತವೆ.