ಪಕ್ಕದ ಮನೆಯ ಇಂಪಾಲಾ

ಕೀಲಿ ತಿರುಗಿಸಿದರೆ ಕಾರು ಸ್ಟಾರ್ಟ್ ಆಗಬೇಕು ಎನ್ನುವುದು ಈಗಿನ ಮಕ್ಕಳಿಗೆ ಸಹಜ. ನಮ್ಮ ಕಾಲದಲ್ಲಿ ಹಾಗಿರಲಿಲ್ಲ. ಶಿವಮೊಗ್ಗದಲ್ಲಿ ನಮ್ಮ ಸೋದರಮಾವನ ಅಂಬಾಸಡರ್ ಚಳಿಗಾಲದ ಬೆಳಿಗ್ಗೆ ಮುಷ್ಕರ ಹೂಡಿದರೆ ಮುಂದಿನಿಂದ ಹ್ಯಾಂಡಲ್ ತೂರಿಸಿ ಹೊಡೆಯಬೇಕಿತ್ತು. "ಹೆಬ್ಬೆರಳು ಸುತ್ತಬೇಡ ಕಣೋ, ಎಂಜಿನ್ ವಾಪಸ್ ಒದ್ದರೆ ಕೈ ಮುರಿಯುತ್ತೆ" ಎಂದು ಮಾವ ಗದರುತ್ತಿದ್ದರು.

ಆ ಹ್ಯಾಂಡಲ್ಲಿನ ಕಾಟ ತಪ್ಪಿಸಿದವರು ಅಮೆರಿಕದ ಓಹಾಯೋ ರಾಜ್ಯದ ಚಾರ್ಲ್ಸ್ ಕೆಟರಿಂಗ್. ನನಗೆ ಅವರ ಮೇಲೆ ವಿಶೇಷ ಅಭಿಮಾನ. ಏಕೆಂದರೆ ಅದಕ್ಕೂ ಮೊದಲು ಅವರು ಡೇಟನ್ ಊರಿನಲ್ಲಿ ನಗದು ಎಣಿಸುವ ಕ್ಯಾಶ್ ರಿಜಿಸ್ಟರಿಗೆ ವಿದ್ಯುತ್ ಮೋಟಾರು ಕೂರಿಸಿದ್ದರು. ಬ್ಯಾಂಕಿನವನಿಗೆ ನೆಂಟರೇ ಅಲ್ಲವೇ! ಆ ಮೋಟಾರು ದಿನವಿಡೀ ತಿರುಗಬೇಕಿಲ್ಲ, ಒಂದು ಕ್ಷಣ ಜೋರಾಗಿ ತಿರುಗಿದರೆ ಸಾಕು. ಕಾರಿನ ಎಂಜಿನ್ನಿಗೂ ಬೇಕಾದದ್ದು ಅಷ್ಟೇ. ಸಣ್ಣ ಮೋಟಾರಿಗೆ ಕೆಲವು ಸೆಕೆಂಡು ಮಿತಿಮೀರಿದ ಕರೆಂಟು ಕೊಟ್ಟರೆ ಅದು ಸುಟ್ಟುಹೋಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. 1912ರ ಕ್ಯಾಡಿಲಾಕ್ ಕಾರುಗಳು ಈ ಸ್ಟಾರ್ಟರ್ ಹೊತ್ತು ರಸ್ತೆಗಿಳಿದವು. ನಮ್ಮಲ್ಲಿ ಇದಕ್ಕೆ "ಸೆಲ್ಫ್" ಎನ್ನುತ್ತೇವೆ.

ನಾನು ಮೆಕ್ಯಾನಿಕ್ ಅಲ್ಲ, ಬಿ.ಕಾಂ. ಓದಿದವನು. ಆದರೂ ಈ ವಿಷಯ ಬರೆಯಲು ಕಾರಣವಿದೆ.

ನನ್ನ ಮಗ ಇರುವುದು ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ. ಆರು ತಿಂಗಳು ಇರಲು ಹೋದ ನನಗೆ ಅಲ್ಲಿ ಸಿಕ್ಕ ಗೆಳೆಯರಿಬ್ಬರು: ಹನ್ನೆರಡು ವರ್ಷದ ಮೊಮ್ಮಗ, ಮತ್ತು ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜ. ಆ ಅಜ್ಜನ ಬಳಿ 1968ರ ಷೆವರ್ಲೆ ಇಂಪಾಲಾ ಇತ್ತು. ಉದ್ದ ನೋಡಿದರೆ ನಮ್ಮೂರ ಓಣಿಯಲ್ಲಿ ತಿರುಗಿಸಲೂ ಆಗದು. ಮದುವೆಯಾದ ವರ್ಷ ಕೊಂಡದ್ದಂತೆ. ಹೆಂಡತಿ ತೀರಿಕೊಂಡ ಮೇಲೂ ಪ್ರತಿ ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ನಡೆಯುವ ಹಳೆ ಕಾರುಗಳ ಮೆರವಣಿಗೆಗೆ ಅದನ್ನು ಒಯ್ಯುವುದು ಬಿಟ್ಟಿರಲಿಲ್ಲ. 1995ರಿಂದ ನಡೆಯುತ್ತಿರುವ ಈ ಡ್ರೀಮ್ ಕ್ರೂಸ್ ಎಂದರೆ ಆ ಊರವರಿಗೆ ಜಾತ್ರೆಯೇ.

ಜುಲೈ ಕೊನೆಯಲ್ಲಿ ನೋಡುತ್ತೇನೆ, ಕಾರಿನ ಗಾಜಿಗೆ "ಮಾರಾಟಕ್ಕಿದೆ" ಎಂಬ ರಟ್ಟು ಅಂಟಿಸಿದ್ದಾರೆ. ವಿಷಯ ಇಷ್ಟು: ಬೆಳಿಗ್ಗೆ ತಣ್ಣಗಿದ್ದಾಗ ಕಾರು ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿಸಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ; ಸುಸ್ತಾದವನ ಹಾಗೆ ಗೊರ್... ಗೊರ್... ಎಂದು ಸುಮ್ಮನಾಗುತ್ತದೆ. ಗ್ಯಾರೇಜಿನವರು ಒಮ್ಮೆ ಬ್ಯಾಟರಿ, ಇನ್ನೊಮ್ಮೆ ಸ್ಟಾರ್ಟರನ್ನೇ ಬದಲಿಸಿ ಎರಡು ಬಿಲ್ಲು ಕೊಟ್ಟಿದ್ದರು. ರೋಗ ಹಾಗೇ ಇತ್ತು. "ರಸ್ತೆ ಮಧ್ಯೆ ನಿಂತರೆ ತಳ್ಳುವ ವಯಸ್ಸಲ್ಲ ನನ್ನದು" ಎಂದರು ಅಜ್ಜ.

ನನಗೆ ಬ್ಯಾಂಕಿನ ಸಂಜೆಗಳು ನೆನಪಾದವು. ಟ್ಯಾಲಿ ಆಗದಿದ್ದರೆ ನಾವು ಲೆಡ್ಜರ್ ಬದಲಿಸುತ್ತಿದ್ದೆವೇ? ಒಂದೊಂದೇ ನಮೂದಿಗೆ ಟಿಕ್ ಹಾಕುತ್ತ ಹೋಗುತ್ತಿದ್ದೆವು. ಅಜ್ಜನ ಹತ್ತಿರ ಆ ಕಾರಿನ ಹಳೆಯ ಸರ್ವೀಸ್ ಪುಸ್ತಕವಿತ್ತು. ಎರಡು ರಾತ್ರಿ ಕೂತು ಓದಿದೆ.

ಮೊದಲು ಕಿವಿಗೆ ಕೆಲಸ. ಮೊಮ್ಮಗ ನೋಟ್‌ಬುಕ್ಕಿನಲ್ಲಿ ಸದ್ದುಗಳ ಪಟ್ಟಿಯನ್ನೇ ಮಾಡಿದ. ಟಕಟಕಟಕ ಎಂದು ಬೇಗ ಬೇಗ ಬಡಿದುಕೊಂಡರೆ ಬ್ಯಾಟರಿಯಲ್ಲಿ ಜೀವವಿಲ್ಲ, ಅಥವಾ ಅದರ ತುದಿಗಳಲ್ಲಿ ಕಿಲುಬು. ಒಂದೇ ಸಲ "ಟಕ್" ಎಂದು ನಿಂತರೆ ಸೊಲೆನಾಯ್ಡ್ ಕೆಲಸ ಮಾಡಿದೆ, ಮೋಟಾರಿಗೆ ಸಾಕಷ್ಟು ಕರೆಂಟು ಮುಟ್ಟಿಲ್ಲ ಅಥವಾ ಮೋಟಾರೇ ಹಿಡಿದುಕೊಂಡಿದೆ. ಮೋಟಾರು ಜುಯ್ಯೆಂದು ತಿರುಗಿದರೂ ಎಂಜಿನ್ ಅಲುಗದಿದ್ದರೆ ಸ್ಟಾರ್ಟರಿನ ಹಲ್ಲುಚಕ್ರ ಫ್ಲೈವೀಲನ್ನು ಕಚ್ಚುತ್ತಿಲ್ಲ. ಕರಕರ ಎಂದು ಅರೆದರೆ ಹಲ್ಲು ಸವೆದಿದೆ, ಮತ್ತೆ ಮತ್ತೆ ಕೀಲಿ ತಿರುಗಿಸಬಾರದು. ಏನೂ ಸದ್ದಿಲ್ಲವೆಂದರೆ? ಆಟೋಮ್ಯಾಟಿಕ್ ಗೇರಿನ ಕಾರಾದರೆ ಪಾರ್ಕಿನಿಂದ ನ್ಯೂಟ್ರಲ್‌ಗೆ ತಂದು ನೋಡಬೇಕು. ಗೇರು ಹಾಕಿರುವಾಗ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚೊಂದು ಅಲ್ಲಿರುತ್ತದೆ. ಹಳೆಯದಾದಾಗ ಅದಕ್ಕೂ ಮರೆವು.

ಷೆವರ್ಲೆಯಲ್ಲಿ ಸೊಲೆನಾಯ್ಡ್ ಸ್ಟಾರ್ಟರಿನ ಬೆನ್ನ ಮೇಲೇ ಕೂತಿರುತ್ತದೆ, ಸೈಲೆನ್ಸರ್ ಕೊಳವೆ ಶುರುವಾಗುವ ಕಡೆ. ಅಲ್ಲಿನ ಕಾವಿಗೆ ತಂತಿಯ ರೋಧ ಹೆಚ್ಚುತ್ತದೆ, ಸೊಲೆನಾಯ್ಡಿನ ಎಳೆತ ಕುಗ್ಗುತ್ತದೆ. ಆ ಕಾಲದ ಫೋರ್ಡ್‌ಗಳಲ್ಲಿ ಅದನ್ನು ದೂರದಲ್ಲಿ, ಮಡ್‌ಗಾರ್ಡಿನ ಒಳಗೋಡೆಗೆ ಹಾಕಿದ್ದರು. ಬಿಸಿಯಲ್ಲಿ ಏಳದ ಷೆವರ್ಲೆಗೆ ಎಲ್ಲರೂ ಈ ಕಾವನ್ನೇ ದೂರುತ್ತಾರೆ. ಗ್ಯಾರೇಜಿನವರೂ ಅದನ್ನೇ ನಂಬಿದ್ದರು ಎಂದು ಕಾಣುತ್ತದೆ.

ಶನಿವಾರ ಮಗನೂ ಜೊತೆಗೆ ನಿಂತ. ಮೊಮ್ಮಗನಿಗೆ ಬಾನೆಟ್ಟಿನಿಂದ ಎರಡು ಮಾರು ದೂರ ಕುರ್ಚಿ ಹಾಕಿ ಲೆಕ್ಕ ಬರೆಯುವ ಕೆಲಸ ಕೊಟ್ಟೆವು. ಫ್ಯಾನು ಯಾರ ಬೆರಳನ್ನೂ ಗುರುತಿಸುವುದಿಲ್ಲ. ಅಜ್ಜ ಕಾರನ್ನು ಓಡಿಸಿ ಚೆನ್ನಾಗಿ ಬಿಸಿ ಮಾಡಿ ತಂದರು. ಎಂಜಿನ್ ಹೊತ್ತಿಕೊಳ್ಳದಂತೆ ಕಾಯಿಲಿನ ದಪ್ಪ ವೈರು ಬಿಚ್ಚಿ ಅರ್ತ್ ಮಾಡಿದರು. ಕೀಲಿ ತಿರುಗಿಸುವುದು ಅವರ ಪಾಲು, ಮಲ್ಟಿಮೀಟರ್ ನನ್ನ ಪಾಲು.

ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್. ಸೆಲ್ಫ್ ಹೊಡೆಯುವಾಗ 10.8. ಇದು 9.6ಕ್ಕಿಂತ ಕೆಳಗಿಳಿಯಬಾರದು ಎಂದು ಲೆಕ್ಕ. ಅಂದರೆ ಬ್ಯಾಟರಿ ನಿರಪರಾಧಿ. ಟಿಕ್.

ಕೆಂಪು ಕೇಬಲ್ಲಿನ ಎರಡೂ ತುದಿಗಳ ನಡುವೆ 0.3. ಅರ್ಧ ವೋಲ್ಟಿನವರೆಗೆ ಪರವಾಗಿಲ್ಲ. ಟಿಕ್.

ಕೊನೆಗೆ ಎಲ್ಲರೂ ಮರೆಯುವ ಕಡೆ. ಕರೆಂಟು ಹೋದರೆ ಸಾಲದು, ವಾಪಸ್ ಬರಲು ದಾರಿ ಬೇಕಲ್ಲ? ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿದೆ. ಅಜ್ಜ ಕೀಲಿ ತಿರುಗಿಸಿದರು. 1.9!

"ತಾತ, ಎಷ್ಟಿರಬೇಕಿತ್ತು?" ಎಂದು ಮೊಮ್ಮಗ ಕೂಗಿದ. ಹೆಚ್ಚೆಂದರೆ 0.2. ನೂರೈವತ್ತು ಆಂಪಿಯರಿಗೂ ಮೇಲೆ ಹರಿಯುವ ದಾರಿಯಲ್ಲಿ ಯಾರೋ ಸುಮಾರು ಎರಡು ವೋಲ್ಟ್ ಕದಿಯುತ್ತಿದ್ದರು. ತಣ್ಣಗಿದ್ದಾಗ ಸ್ಟಾರ್ಟರ್ ಹೇಗೋ ಸಂಭಾಳಿಸುತ್ತಿತ್ತು, ಬಿಸಿಯಾದ ಮೇಲೆ ಅದಕ್ಕೆ ಆ ನಷ್ಟ ತಡೆಯಲಾಗುತ್ತಿರಲಿಲ್ಲ.

ಕಪ್ಪು ಅರ್ತ್ ಕೇಬಲ್ ಹೊರಗಿನಿಂದ ಗುಂಡಗೆ ಚೆನ್ನಾಗಿತ್ತು. ಅಜ್ಜ ಬಿಚ್ಚಿ ಸಿಪ್ಪೆ ಸೀಳಿದರೆ ಒಳಗಿನ ತಾಮ್ರವೆಲ್ಲ ಹಸಿರು ಪುಡಿ. ಅರ್ಧಕ್ಕರ್ಧ ಎಳೆಗಳು ತುಂಡಾಗಿದ್ದವು. ಎರಡು ಬಿಲ್ಲಿಗೆ ಹೋಲಿಸಿದರೆ ಹೊಸ ಕೇಬಲ್ಲಿನ ಬೆಲೆ ಏನೂ ಅಲ್ಲ. ಬ್ಯಾಟರಿ ತುದಿಗಳನ್ನು ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಎಂಜಿನ್ನಿನ ಕಡೆ ಲೋಹ ಹೊಳೆಯುವವರೆಗೆ ಉಜ್ಜಿ ಬೋಲ್ಟು ಬಿಗಿದರು. ಮನೆಯಲ್ಲಿ ಮಾಡುವವರು ನೆನಪಿಡಿ: ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ. ಇಲ್ಲದಿದ್ದರೆ ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರುತ್ತದೆ. ಮತ್ತೆ ಅಳೆದಾಗ 0.1.

ಆಗಸ್ಟಿನ ಆ ಶನಿವಾರ ವುಡ್‌ವರ್ಡಿನಲ್ಲಿ ಬಸವನ ಹುಳುವಿನ ವೇಗದಲ್ಲಿ ಎರಡು ಗಂಟೆ ಸಾಗಿದೆವು. ಹಿಂದಿನ ಸೀಟಿನಲ್ಲಿ ನಾನು, ಮುಂದೆ ಮೊಮ್ಮಗ. ಬೇಕೆಂದೇ ಅಜ್ಜ ಐಸ್‌ಕ್ರೀಮ್ ಅಂಗಡಿಯ ಮುಂದೆ ಎಂಜಿನ್ ಆರಿಸಿದರು. ಬಾನೆಟ್ಟಿನ ಮೇಲೆ ಕೈ ಇಡಲಾಗದಷ್ಟು ಕಾವು. ನಾವು ಮೂವರೂ ಐಸ್‌ಕ್ರೀಮನ್ನು ತಿಂದೆವೋ ನುಂಗಿದೆವೋ ತಿಳಿಯದು. ಅಜ್ಜ ಕೀಲಿ ತಿರುಗಿಸಿದರು. ಅರ್ಧ ಸುತ್ತಿಗೇ ಎಂಜಿನ್ ಗುಡುಗಿತು.

ಮಾರಾಟದ ರಟ್ಟು ಈಗ ಅವರ ಗ್ಯಾರೇಜಿನಲ್ಲೇ ಇದೆಯಂತೆ. ಕಾರಿನ ಕೆಳಗೆ ಎಣ್ಣೆ ತೊಟ್ಟಿಕ್ಕುವ ಕಡೆ ಹಾಸಿದ್ದಾರೆ.