ಸತ್ಯಭಾಮೆಗೆ ಸಿಟ್ಟು ಕಲಿಸಿದ ಮಾಸ್ತರ!

ತೆರೆಯ ಮೇಲೆ ನಾಯಕಿ ಸೊಂಟ ಬಳುಕಿಸಿದ ಕೂಡಲೇ ಸೀಟಿ ಹೊಡೆಯುವ ತಮ್ಮಂದಿರೇ, ಆ ಕುಣಿತ ಕಲಿಸಿದ ಡ್ಯಾನ್ಸ್ ಮಾಸ್ಟರ್ ಯಾರೆಂದು ಯಾವತ್ತಾದರೂ ಕೇಳಿದ್ದೀರಾ? ಹೋಗಲಿ ಬಿಡಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಟಾಕೀಸು ಬರುವ ಎಷ್ಟೋ ಮೊದಲೇ ಅಂಥ ಮಾಸ್ತರರಿದ್ದರು. ಅವರು ಕಲಿಸುತ್ತಿದ್ದದ್ದು ಶ್ರೀಕೃಷ್ಣ ಪಾರಿಜಾತ.

ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿಸಿಕೊಂಡಳು. ಇಬ್ಬರು ಹೆಂಡಿರ ಗಂಡನ ಫಜೀತಿ! ಇಷ್ಟೇ ಕಥೆಗೆ ಜನ ಬೆಳಗಿನವರೆಗೆ ಕದಲುತ್ತಿರಲಿಲ್ಲ. ಅಪರಾಳ ತಮ್ಮಣ್ಣ ರಚಿಸಿದ್ದನ್ನು ಮುಧೋಳದ ಆಚೆಗಿನ ಕುಲಗೋಡದ ತಮ್ಮಣ್ಣ ತಿದ್ದಿ, ಬೆಳೆಸಿ, ಊರೂರಿಗೆ ಒಯ್ದ.

ಬನಹಟ್ಟಿ ಕಡೆ ಒಂದು ರಾತ್ರಿ ತಾಲೀಮು ನೋಡಲು ಕೂತಿದ್ದೆ. ಮಗ್ಗ ನಿಲ್ಲಿಸಿ ಬಂದ ಹುಡುಗರು. ಸತ್ಯಭಾಮೆಯ ಪಾತ್ರದವನಿಗೆ ಪೊಗದಸ್ತಾದ ಮೀಸೆ! ಪುಸ್ತಕ ಯಾರ ಕೈಯಲ್ಲೂ ಇಲ್ಲ. ಮಾಸ್ತರ ಹಾಡಬೇಕು, ಇವರು ಹಿಂದಿನಿಂದ ಹಾಡಬೇಕು, ಹೆಜ್ಜೆ ಹಾಕಬೇಕು.

“ಏ ತಮ್ಮಾ, ಸಿಟ್ಟು ಮಾರಿಯೊಳಗ ಇರಲಿ. ಕಾಲಾಗ ಬ್ಯಾಡ. ಕಾಲು ತಾಳದ ಮಾತು ಕೇಳಬೇಕು!”

ಅದೊಂದು ಹೆಜ್ಜೆ ಹತ್ತು ಸಲವಾದರೂ ಆಯಿತು. ಮಾಸ್ತರ ಬೇಸರಗೊಳ್ಳಲಿಲ್ಲ, ಹುಡುಗನೇ ಬೆವರಿದ.

ಹಿಂದೆ ಹೆಣ್ಣಿನ ಪಾತ್ರವೆಲ್ಲ ಗಂಡಸರದೇ. ಆದರೆ ಕುಲಗೋಡ ತಮ್ಮಣ್ಣ ಕೌಜಲಗಿ ನಿಂಗಮ್ಮನಿಗೆ ಪಾರಿಜಾತ ಕಲಿಸಿದ. ಇದೇನು ಸಣ್ಣ ಧೈರ್ಯವೇ? ರಾತ್ರಿಯಿಡೀ ಕಣ್ಣರಳಿಸಿ ನೋಡಿದವರೇ ಬೆಳಗಾದರೆ ಆಟದ ಹೆಣ್ಣೆಂದು ಮೂಗು ಮುರಿಯುತ್ತಿದ್ದ ಕಾಲ. ಮಾಸ್ತರ ಹೆಜ್ಜೆ ಕಲಿಸಬಹುದು, ಊರಿನ ಬಾಯಿ ಕಟ್ಟಲಾದೀತೆ? ನಿಂಗಮ್ಮ ಗೆಜ್ಜೆ ಬಿಚ್ಚಲಿಲ್ಲ. ಪಾರಿಜಾತವೆಂದರೆ ಆಕೆಯ ಹೆಸರು ಹೇಳುವಷ್ಟು ಬೆಳೆದಳು.

ಮುಂದೆ ಇದೇ ಸೀಮೆಯ ಬೀಳಗಿಯಿಂದ ಇಬ್ಬರು ಅಕ್ಕತಂಗಿಯರು ಕಂಪನಿ ನಾಟಕದ ದಾರಿ ಹಿಡಿದು ಹೊರಟರು. ಗೋಹರಬಾಯಿ ಕರ್ನಾಟಕಿ, ಬಾಲಗಂಧರ್ವರ ಮಂಡಳಿ ಸೇರಿದರು. ಹೆಣ್ಣಿನ ವೇಷದಿಂದಲೇ ಮಹಾರಾಷ್ಟ್ರವನ್ನು ಮರುಳು ಮಾಡಿದ್ದ ಬಾಲಗಂಧರ್ವರು ಗಂಡಸಿನ ಪಾತ್ರಕ್ಕೆ ಬಂದರು, ಎದುರಿಗೆ ನಾಯಕಿ ನಮ್ಮ ಗೋಹರಬಾಯಿ! ಅಮೀರಬಾಯಿ ಮುಂಬಯಿ ಸಿನಿಮಾಕ್ಕೆ ಹೋದರು. 1943ರ ‘ಕಿಸ್ಮತ್’ನಲ್ಲಿ ಅನಿಲ್ ಬಿಸ್ವಾಸರ ಸಂಗೀತಕ್ಕೆ ಅವರು ಹಾಡಿದರು. ಆ ಚಿತ್ರ ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು.